ಉಳದ ಹೊಲಕ್ಕೆ ಹೋಳಿಗೆ ಬಡಿಸಿದ್ದು

ಹೊಲ ಕಂಡಲ್ಲೆಲ್ಲ ಕಾರು ನಿಲ್ಲಿಸುತ್ತಿದ್ದ ನನ್ನ ಕಾಕಾನಿಗೆ,

ನಾನೂ ಕಾಕುವೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕೂಡಲೇ ಬರೆಯಿರಿ ಎಂದು ಕೇಳುವ ಹಾಗಿಲ್ಲ. ನೀವು ಇದ್ದಾಗಲೇ ನನ್ನ ಮೆಸೇಜುಗಳಿಗೆ ಹೆಬ್ಬೆರಳಿನ ಚಿತ್ರಕ್ಕಿಂತ ಉದ್ದದ ಉತ್ತರ ಬಂದದ್ದಿಲ್ಲ. ನೀವು ಹೋಗಿ ಏಳು ತಿಂಗಳಾಯಿತು. ಹೇಳಲೇಬೇಕಾದ ಸುದ್ದಿಯೊಂದಿದೆ. ಅದರಲ್ಲಿ ಅರ್ಧ ನಿಮ್ಮದು, ಅರ್ಧ ನನ್ನದು. ನಿಮ್ಮ ಅರ್ಧ ಹೋಳಿಗೆ. ನನ್ನ ಅರ್ಧ... ಅದಕ್ಕೆ ಆಮೇಲೆ ಬರುತ್ತೇನೆ.

ಆ ಹೊಲವನ್ನು ನೀವು ಮೊದಲು ನೋಡಿದ ದಿನ ನೆನಪಿದೆಯೇ? ಎರಡು ವರ್ಷದ ಹಿಂದಿನ ಮೇ ತಿಂಗಳು. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ, ಈ ಹಿಮದ ದೇಶಕ್ಕೆ ಬಂದು ಕಾಲೇಜಿನಲ್ಲಿ ಇನ್ನೊಂದು ಕೋರ್ಸು ಮುಗಿಸಿ, ಮಾಲ್ಟನ್ನಿನ ನಿಮ್ಮ ಬೇಸ್‌ಮೆಂಟಿನಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕುವುದೇ ನನ್ನ ಕೆಲಸವಾಗಿತ್ತು. "ಕುಂತಲ್ಲೇ ಬೇರು ಬಿಡತಿ, ಏಳು, ಗಾಳಿ ಕುಡದು ಬರೂಣು" ಎಂದು ಬೋಲ್ಟನ್ ಕಡೆಗೆ ಕಾರು ಹೊರಡಿಸಿದಿರಿ. ನೀವು ಕೆಲಸಕ್ಕೆ ಹೋಗುತ್ತಿದ್ದ ವೇರ್‌ಹೌಸು ಇನ್ನೂ ಎರಡು ಸಿಗ್ನಲ್ ದೂರವಿರುವಾಗ ಗಕ್ಕನೆ ಬ್ರೇಕು. ರಸ್ತೆಯ ಪಕ್ಕದ ಹೊಲದಲ್ಲಿ ಹೋದ ವರ್ಷದ ಗೋವಿನಜೋಳದ ಕೂಳೆ ಹಾಗೇ ನಿಂತಿತ್ತು. "ಮೇ ತಿಂಗಳು ಬಂತು, ಇನ್ನೂ ಒಂದು ಸಾಲು ಹೊಡದಿಲ್ಲ! ಯಾವ ಮೈಗಳ್ಳಂದಿದು ಹೊಲ? ಗಡ್ಡ ಬೋಳಸದ ಮದುಮಗನ ಗತೆ ಕಾಣತೈತಿ." ಅಷ್ಟು ಹೇಳಿ ಇಳಿದೇಬಿಟ್ಟಿರಿ. ಗುರುತಿಲ್ಲದ ದೇಶದಲ್ಲಿ, ಗುರುತಿಲ್ಲದವರ ಹೊಲಕ್ಕೆ, ಬೈಯಲು! ನಾನು ಸೀಟಿನಲ್ಲಿ ಎಷ್ಟು ಕೆಳಗೆ ಜಾರಬಹುದೋ ಅಷ್ಟು ಜಾರಿ ಕೂತೆ.

ಅರ್ಧ ಗಂಟೆಯ ಮೇಲೆ ನೀವು ಬಂದದ್ದು ಒಬ್ಬರೇ ಅಲ್ಲ. ಜೊತೆಗೆ ಮೊಳಕಾಲಿನವರೆಗೆ ಬೂಟು ಹಾಕಿದ ಎತ್ತರದ ಹೆಂಗಸು. "ಈಕಿ ಹೆಲೆನ್. ಮಣ್ಣಿನ ಸೈಂಟಿಸ್ಟು. ಬೇಕಂತನ ಉಳೂದಿಲ್ಲಂತ, ಅದನ್ನ ನೋಡೂದ ಇವರ ಕೆಲಸಂತ. ಬೇರು ಆರಸಾಕ ಮಂದಿ ಬೇಕಾಗ್ಯಾರ. ನಮ್ಮ ಹುಡಿಗಿ ಎಂ.ಎ. ಮಾಡ್ಯಾಳ, ಮಾತಾಡೂದಿಲ್ಲ, ಬರೇ ನೋಡತಾಳ ಅಂತ ಹೇಳೀನಿ." ಹೆಲೆನ್ ಕಾರಿನ ಕಿಟಕಿಯಲ್ಲಿ ಬಗ್ಗಿ, "ಅಂಥವರೇ ಬೇಕು, ಸೋಮವಾರ ಬಾ" ಎಂದಳು. ಜಗಳಕ್ಕೆ ಹೋಗಿ ಕೆಲಸ ತಂದವರನ್ನು ನಾನು ನಿಮ್ಮ ಹೊರತು ಕಂಡಿಲ್ಲ.

ನೀವು ನನ್ನ ಕೆಲಸ ನೋಡಲು ಬಂದ ಶನಿವಾರ ನಾನು ಜರಡಿಯ ಮುಂದೆ ಕೂತಿದ್ದೆ. ಕೊಳವೆಯಲ್ಲಿ ತೆಗೆದ ಮಣ್ಣಿನ ಮೇಲೆ ನೀರು ಬಿಟ್ಟರೆ ಮಣ್ಣು ಹರಿದುಹೋಗಿ ಬೇರು ಉಳಿಯುತ್ತದೆ. ಚಿಮಟದಲ್ಲಿ ಹಿಡಿದು ಬಿಳಿಯ ಜೀವಂತ ಬೇರು ಒಂದು ತಟ್ಟೆಗೆ, ಕಂದು ಸತ್ತ ಬೇರು ಇನ್ನೊಂದಕ್ಕೆ. "ಎಂ.ಎ. ಓದಿ ಕಡೀಕ ನಿಮ್ಮಮ್ಮನ ಗತೆ ಅಕ್ಕಿ ಆರಸೂದಕ್ಕ ಬಂದಿ" ಎಂದಿರಿ. ಆದರೆ ತಟ್ಟೆ ಬಿಟ್ಟು ಏಳಲಿಲ್ಲ. ಹೊಲದಲ್ಲಿ ಮೂರು ಬಗೆಯ ತುಂಡುಗಳಿದ್ದವು. ಒಂದರಲ್ಲಿ ವರ್ಷವರ್ಷವೂ ಉತ್ತು ಗೋವಿನಜೋಳದ ಮೇಲೆ ಗೋವಿನಜೋಳ. ಇನ್ನೊಂದರಲ್ಲಿ ಉಳುತ್ತಾರೆ, ಆದರೆ ಬೆಳೆ ಬದಲಿಸುತ್ತಾರೆ: ಗೋವಿನಜೋಳ, ಸೋಯಾ, ಗೋಧಿ, ಗೋಧಿಯ ಕೆಳಗೆ ಕೆಂಪು ಹೂವಿನ ಕ್ಲೋವರ್ ಮೇವು. ಮೂರನೆಯ ಬಗೆಯ ನಾಲ್ಕು ತುಂಡುಗಳಲ್ಲಿ ಬೆಳೆ ಅದೇ ಸರದಿಯಲ್ಲಿ ಬದಲಾಗುತ್ತದೆ, ನೇಗಿಲು ಮಾತ್ರ ಎಷ್ಟೋ ವರ್ಷದಿಂದ ಮುಟ್ಟಿಲ್ಲ. ಬೆಳೆ ಬದಲಿಸುವ ವಿಷಯ ಕೇಳಿ ನಿಮಗೆ ನಗು. "ಒಂದ ಬೆಳಿ ಬಿತ್ತಿದರ ನೆಲಕ್ಕ ಬ್ಯಾಸರ ಬರತೈತಿ. ಕಡ್ಲಿ ಆದಮ್ಯಾಗ ಜ್ವಾಳ ಹಾಕಬೇಕಂತ ನಮ್ಮೂರ ಎಮ್ಮಿಗೂ ಗೊತ್ತೈತಿ. ಇದಕ್ಕ ಪಗಾರ ಕೊಡತಾರ?"

ಉಳುವುದರ ಮಾತಿಗೆ ಮಾತ್ರ ನಿಮ್ಮ ನಗು ನಿಂತಿತು. ನಾನು ಎರಡು ತಟ್ಟೆ ತೋರಿಸಿದೆ. ಉತ್ತ ಮಣ್ಣಿನ ಬೇರು ನೇಗಿಲು ಹೋದಷ್ಟು ಆಳದವರೆಗೆ ಹರಡಿ, ಅಲ್ಲಿ ಗಟ್ಟಿ ನೆಲ ತಾಗಿ ಅಡ್ಡ ತಿರುಗಿತ್ತು. ಉಳದ ಮಣ್ಣಿನದು ಮೇಲೆ ಕಂಬಳಿಯ ಹಾಗೆ ದಟ್ಟ. ಆಮೇಲೆ ಒಂದೊಂದೇ ಎಳೆ, ಎರೆಹುಳದ ದಾರಿ, ಸತ್ತ ಬೇರಿನ ತೂತು ಹುಡುಕಿಕೊಂಡು ಕೆಳಗಿಳಿದಿತ್ತು. "ಹಳೇ ಬೇರಿನ ಜಾಗಾದಾಗ ಹೊಸಾ ಬೇರು? ಬಾಡಗಿ ಹಿಡದಂಗ?" "ಹೂಂ ಕಾಕಾ, ಬೇಸ್‌ಮೆಂಟು." ನೀವು ಆ ತಟ್ಟೆಯನ್ನು ಬಹಳ ಹೊತ್ತು ನೋಡಿದಿರಿ. ಅಷ್ಟರಲ್ಲಿ ಹೆಲೆನ್ ಬಂದು ಉಳಿದದ್ದನ್ನು ಹೇಳಿದಳು. ಮಣ್ಣಿನ ಸಣ್ಣ ಸಣ್ಣ ಉಂಡೆಗಳೊಳಗೆ ಹಳೆಯ ಬೇರಿನ ಇಂಗಾಲ ಬಚ್ಚಿಟ್ಟುಕೊಂಡಿರುತ್ತದೆ, ಉತ್ತಾಗ ಉಂಡೆ ಒಡೆಯುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಉಸಿರಾಗಿ ಗಾಳಿಗೆ ಬಿಡುತ್ತವೆ ಎಂದು. "ಅಂದ್ರ ನಮ್ಮಪ್ಪ ಜೀವಮಾನ ಪೂರ್ತಿ ರಂಟಿ ಹೊಡದು ಗಾಳಿ ಕೆಡಿಸಿದನು?" ಎಂದು ಕನ್ನಡದಲ್ಲೇ ಸಿಟ್ಟಾದಿರಿ. ನಾನು ಅದನ್ನು ಅನುವಾದಿಸಲಿಲ್ಲ. ಹೆಲೆನ್‌ಗೆ ನಾನು ಹೇಳಿದ್ದು, "ಬಹಳ ಆಸಕ್ತಿಕರ ಎನ್ನುತ್ತಿದ್ದಾರೆ."

ಮಣ್ಣಿನ ಉಸಿರು ಅಳೆಯುವುದನ್ನು ನೋಡಿದ ದಿನ ನೀವು ನಕ್ಕು ನಕ್ಕು ಕೂಳೆಯ ಮೇಲೆ ಕೂತಿರಿ. ನೆಲದಲ್ಲಿ ಹೂತ ಬಿಳಿಯ ಪ್ಲಾಸ್ಟಿಕ್ ರಿಂಗು, ತುಂಡಿಗೊಂದು. ಅದರ ಮೇಲೆ ಡಬ್ಬಿಯ ಮುಚ್ಚಳದಂಥ ಮುಚ್ಚಳ. ಹತ್ತು ನಿಮಿಷಕ್ಕೊಮ್ಮೆ ಸಿರಿಂಜು ಚುಚ್ಚಿ ಒಳಗಿನ ಗಾಳಿ ಎಳೆದು ಸೀಸೆಗೆ ತುಂಬಬೇಕು. "ನೆಲಕ್ಕ ಇಂಜೆಕ್ಷನ್ ಮಾಡಾಕತ್ತೀರೇನ?" "ಅಲ್ಲ ಕಾಕಾ, ಉಸಿರು ತಗಿಯಾಕತ್ತೀವಿ." "ಹಂಗಾರ ಸತ್ತಹೋಗತೈತಿ, ಬಿಡ್ರಿ ಅದನ್ನ." ನಗುತ್ತಿದ್ದರೂ ನಿಮ್ಮ ಕಣ್ಣು ಆ ನಾಲ್ಕು ಉಳದ ತುಂಡುಗಳ ಮೇಲೇ ಇತ್ತು. ಪಾಪ ಎನ್ನುವ ನೋಟ ಅದು. ನಾನು ಆಗಲೇ ಗಮನಿಸಬೇಕಿತ್ತು, ಅಲ್ಲವೇ? ಗಮನಿಸಿದೆ ಕೂಡ. ಆದರೆ ಗಮನಿಸಿ ಸುಮ್ಮನಿರುವುದರಲ್ಲಿ ನಾನು ನಿಮ್ಮ ಮನೆತನಕ್ಕೇ ಮೊದಲಿಗಳು.

ಹೋದ ಸೀಗಿ ಹುಣ್ಣಿಮೆಗೆ ನೀವು ಬೆಳಿಗ್ಗೆಯೇ ಸ್ನಾನ ಮಾಡಿ, ಕಾಕುವಿನಿಂದ ಹೋಳಿಗೆ, ಕಡುಬು, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಲೆ, ಮೊಸರನ್ನ ಎಲ್ಲ ಮಾಡಿಸಿದ್ದಿರಿ. "ಇಷ್ಟು ವರ್ಷ ಹೊಲಾ ಇರಲಿಲ್ಲ. ಹಿತ್ತಲದಾಗ ಚರಗಾ ಚೆಲ್ಲಿದರ ರಕೂನ್ ಬಂದು ಪಂಗ್ತಿ ಹಾಕ್ತಾವ. ಈಗ ನಮ್ಮ ಹುಡಿಗಿದು ಹೊಲಾ ಐತಿ." ನನ್ನದೆಲ್ಲಿಯ ಹೊಲ? ಸಂಬಳದವಳು ನಾನು. ಆದರೆ ಊರಲ್ಲಿ ಬಸುರಿ ಭೂಮಿಗೆ ಬಯಕೆಯ ಊಟ ಹಾಕಿದ ಹಾಗೆ ಹೊಲಕ್ಕೆ ಅಡುಗೆ ಚೆಲ್ಲಿ ಬರುವ ಆ ಹಬ್ಬಕ್ಕೆ ನಿಮ್ಮ ಮುಖ ಹೇಗೆ ಅರಳಿತ್ತೆಂದರೆ, ಬೇಡ ಎನ್ನುವ ಬದಲು ಬುತ್ತಿಯನ್ನು ನಾನೇ ಕಾರಿನಲ್ಲಿಟ್ಟೆ. ಭಾನುವಾರ, ಹೊಲದಲ್ಲಿ ಯಾರೂ ಇಲ್ಲ. ಯಾರಾದರೂ ನೋಡಿಯಾರೆಂದು ನಾನು ರಸ್ತೆಗೆ ಮುಖ ಮಾಡಿ ಕಾವಲು ನಿಂತೆ. ಹಿಂದಿನಿಂದ ಚರಗ ಚೆಲ್ಲುವ ನಿಮ್ಮ ದನಿ, "ಹುಲ್ಲುಲ್ಲಿಗೋ!" ಕಾಕುವಿನ ದನಿ, "ಚಳಾಂಬರಿಗೋ!" ವಿಮಾನವೊಂದು ತಲೆಯ ಮೇಲೆ ಇಳಿಯುತ್ತ ಹೋಯಿತು, ಅದಕ್ಕೂ ನಿಮ್ಮ ದನಿ ಬಗ್ಗಲಿಲ್ಲ. ನಾನು ತಿರುಗಿ ನೋಡಲಿಲ್ಲ ಕಾಕಾ. ನೋಡುವುದೊಂದೇ ಬರುವವಳು ಆ ಒಂದು ಸಲ ನೋಡಲಿಲ್ಲ.

ಮಂಗಳವಾರ ಹೆಲೆನ್ ಜೊತೆ ಉಸಿರು ಅಳೆಯಲು ಹೋದಾಗ ಮೊದಲ ಉಳದ ತುಂಡಿನ ಹತ್ತಿರ ಬಗ್ಗಿದೆ. ಏಲಕ್ಕಿಯ ವಾಸನೆ. ಬೋಲ್ಟನ್ನಿನ ಹೊಲದಲ್ಲಿ ಏಲಕ್ಕಿ ಬೆಳೆಯುವುದಿಲ್ಲವೆಂದು ನನಗೆ ಗೊತ್ತು. ಹೆಲೆನ್ ದೂರದ ತುಂಡಿನಲ್ಲಿದ್ದಳು. ಗೋಧಿಯ ಹುಲ್ಲು ಸರಿಸಿ ನೋಡಿದರೆ ರಿಂಗಿನೊಳಗೆ ಅರ್ಧ ಹೋಳಿಗೆ, ಒಂದು ಕಡುಬು, ಮೇಲೆ ತುಪ್ಪ, ಸುತ್ತ ಹಬ್ಬಕ್ಕೆ ಬಂದ ಹಾಗೆ ಎರೆಹುಳಗಳು. ಎರಡನೆಯದರಲ್ಲೂ ಅರ್ಧ ಹೋಳಿಗೆ, ಒಂದು ಕಡುಬು. ಮೂರನೆಯದು, ನಾಲ್ಕನೆಯದು, ಎಲ್ಲ ಹಾಗೇ. ಕಾಗೆಗೆ ಕಾಣದಂತೆ ಹುಲ್ಲು ಬೇರೆ ಹೊದಿಸಿದ್ದಿರಿ. ಈಗ ನನ್ನ ಅರ್ಧದ ಮಾತು. ನಾನು ಹೆಲೆನ್‌ಳನ್ನು ಕರೆಯಲಿಲ್ಲ. ಹುಲ್ಲನ್ನು ಮತ್ತೆ ಮುಚ್ಚಿ, ಮುಚ್ಚಳ ಹಾಕಿ, ಸಿರಿಂಜು ಚುಚ್ಚಿ, ಹೋಳಿಗೆಯ ಉಸಿರನ್ನು ಮಣ್ಣಿನ ಉಸಿರೆಂದು ಸೀಸೆಗೆ ತುಂಬಿದೆ.

ಆ ಸಂಜೆ ನಿಮ್ಮನ್ನು ಕೇಳಿದಾಗ ನೀವು ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದಿರಿ, "ಉತ್ತ ನೆಲಕ್ಕ ಒಕ್ಕಲಿಗ ಒಂದೀಟು ಕೈಯರ ಹಚ್ಚಿರತಾನ. ಅದಕ್ಕ ಸುಮ್ಮ ಮ್ಯಾಲ ಚೆಲ್ಲಿದೆ. ಈ ನಾಕು ಪಾಪ ಎಷ್ಟು ವರ್ಷದಿಂದ ಹಂಗ ಬಿದ್ದಾವ. ಅವಕ್ಕೂ ನೀವ ದುಂಡಗ ತಾಟು ಇಟ್ಟೀರಿ, ತಾಟಿನ್ಯಾಗ ಬಡಿಸಿದೆ. ಒಂದಕ್ಕ ಹೆಚ್ಚು ಒಂದಕ್ಕ ಕಡಿಮಿ ಮಾಡಿಲ್ಲ, ಪಂಗ್ತಿಯೊಳಗ ಭೇದ ಮಾಡಬಾರದು." ಅದರಿಂದ ಅಳತೆ ಕೆಟ್ಟಿತೆಂದು ತಿಳಿಸಿ ಹೇಳಿದ ಮೇಲೆ ಟಿ.ವಿ. ಆರಿಸಿದಿರಿ. "ನೀ ಹೇಳಬ್ಯಾಡ ಯವ್ವಾ, ನಿನಗ ಬಾಯಿ ಬರೂದಿಲ್ಲ. ಶನಿವಾರ ನಾನ ಬಂದು ಹೇಳತೀನಿ." ಗುರುವಾರ ವೇರ್‌ಹೌಸಿನಲ್ಲಿ ಚಹಾದ ಬಿಡುವಿಗೆ ಕೂತವರು ನೀವು ಏಳಲಿಲ್ಲ. ಶನಿವಾರ ಹೆಲೆನ್ ನಮ್ಮ ಮನೆಗೆ ಬಂದಳು, ಬಿಳಿಯ ಹೂ ಹಿಡಿದುಕೊಂಡು. ಅವಳ ಹೆಗಲಿಗೊರಗಿ ನಾನು ಅತ್ತೆ. ಹೋಳಿಗೆಯ ಸುದ್ದಿ ಅಳುವಾಗ ಹೇಳುವ ಮಾತೇ? ನಿಮ್ಮ ಬಗ್ಗೆ ಅವಳು, "ಎಷ್ಟು ಅಚ್ಚುಕಟ್ಟಾದ ಮನುಷ್ಯ" ಎಂದಳು. ಅಚ್ಚುಕಟ್ಟೇ ಹೌದು, ನಾಲ್ಕಕ್ಕೂ ಅರ್ಧರ್ಧ.

ಫೆಬ್ರುವರಿಯಲ್ಲಿ ಲ್ಯಾಬಿನಿಂದ ಅಂಕಿಗಳು ಬಂದ ದಿನ ಹೆಲೆನ್ ಕಾಫಿ ಕುಡಿಯುವುದನ್ನು ಮರೆತಳು. ಆಗಷ್ಟೇ ಉತ್ತ ತುಂಡುಗಳಿಗಿಂತ ಉಳದ ತುಂಡುಗಳೇ ಆ ದಿನ ಜಾಸ್ತಿ ಉಸಿರು ಬಿಟ್ಟಿದ್ದವು. ಒಂದೇ ತುಂಡು ಹಾಗೆ ಮಾಡಿದ್ದರೆ ಏನೋ ತಪ್ಪಾಗಿದೆ ಎಂದು ಪಕ್ಕಕ್ಕಿಡುತ್ತಿದ್ದಳು. ನಾಲ್ಕೂ ಒಂದೇ ಸಮ! ನೀವು ಭೇದವಿಲ್ಲದೆ ಬಡಿಸಿದ್ದರಿಂದಲೇ ಅದು ವಿಜ್ಞಾನದ ಹಾಗೆ ಕಂಡಿತು ಕಾಕಾ. ಆಗ ಹೇಳಬಹುದಿತ್ತು. ಆದರೆ ಹೇಳಿದರೆ ನೀವು ಅವಳ ಕಣ್ಣಲ್ಲಿ ಏನಾಗುತ್ತೀರಿ? ಅಚ್ಚುಕಟ್ಟಾದ ಮನುಷ್ಯ ಹೋಗಿ, ಹೊಲ ಕೆಡಿಸಿದ ಮನುಷ್ಯ. ಮತ್ತು ನಾನು? ನನ್ನ ಕೆಲಸ? ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮೊದಲ ವಾಕ್ಯ ಸಿದ್ಧ ಮಾಡುತ್ತಿದ್ದೆ. ಸ್ಟಾಪು ಬರುವಷ್ಟರಲ್ಲಿ ಅದರ ವ್ಯಾಕರಣ ಸರಿಹೋಗುತ್ತಿತ್ತು, ಧೈರ್ಯ ಮಾತ್ರ ಹೋಗಿರುತ್ತಿತ್ತು.

ಏಪ್ರಿಲ್ಲಿನಲ್ಲಿ ಹೊಲದ ಒಡೆಯ ಟೋನಿ ತನ್ನ ಶೆಡ್ಡಿನಲ್ಲಿ ಸುತ್ತಲಿನ ರೈತರನ್ನು ಸೇರಿಸಿದ. ಕ್ಲೈನ್‌ಬರ್ಗ್ ಕಡೆಯ ದೊಡ್ಡ ಮನೆಗಳು ತನ್ನ ಬೇಲಿಯ ತನಕ ಬಂದರೂ ಒಂದು ಅಡಿ ಮಾರದ ಹಟಮಾರಿ ಅವನು. ಹೆಲೆನ್ ಪ್ರಾಮಾಣಿಕಳು, ಆ ಅಂಕಿಯನ್ನು ಮುಚ್ಚಿಡದೆ ತೋರಿಸಿ, ಕಾರಣ ತನಗೆ ಗೊತ್ತಿಲ್ಲ ಎಂದಳು. ಟೋನಿ ಡೋನಟ್ ನುಂಗಿ ಹೇಳಿದ, "ಉತ್ತರೂ ಉಸಿರು, ಉಳದಿದ್ದರೂ ಉಸಿರು. ಹಾಗಾದರೆ ಆ ಕಸದ ಮೇಲೆ ಬಿತ್ತುವ ಯಂತ್ರ ಎಳೆದು ನಾನ್ಯಾಕೆ ಒದ್ದಾಡಲಿ? ಬರುವ ವಾರ ಆ ನಾಲ್ಕನ್ನೂ ಉಳುತ್ತೇನೆ." ಹೆಲೆನ್ ಬಿಳಿಚಿಕೊಂಡಳು. ಅಷ್ಟು ವರ್ಷ ಕೂಡಿಟ್ಟ ಮಣ್ಣನ್ನು ಒಡೆಯಲು ಒಂದು ಬೆಳಿಗ್ಗೆ ಸಾಕು. ಮತ್ತೆ ಹಾಗಾಗಲು ಅವಳ ನೌಕರಿ ಮುಗಿದು ನನ್ನ ನೌಕರಿಯೂ ಮುಗಿಯಬೇಕು. ಹೊರಗೆ ಟ್ರ್ಯಾಕ್ಟರಿಗೆ ನೇಗಿಲು ಕಟ್ಟಿಯಾಗಿತ್ತು.

ಮನೆಗೆ ಬಂದು ಕಾಕುವಿನ ಮುಂದೆ ಒಂದನ್ನು ಬಿಟ್ಟು ಎಲ್ಲ ಹೇಳಿದೆ. ಕಾಕು ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ನಾಳೆ ನಾನೂ ಬರತೀನಿ." "ಬ್ಯಾಡ ಕಾಕು, ನಾನ ಹೇಳತೀನಿ." "ನಿನ್ನ ಬಾಯಾಗ ಮಾತು ಬರೂತನಕಾ ಅಂವ ನಾಕು ಸಲ ಉಳತಾನ. ನಡಿ." ಇಳಕಲ್ ಸೀರೆ, ಅದರ ಮೇಲೆ ನಿಮ್ಮ ವೇರ್‌ಹೌಸಿನ ಕಿತ್ತಳೆ ಬಣ್ಣದ ಜಾಕೆಟ್ಟು, ಕಾಲಿಗೆ ಹಿಮದ ಬೂಟು. ಹೆಲೆನ್ ಬೇರು ತೊಳೆಯುವ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು. ಕಾಕು ನಿಂತಲ್ಲಿಂದಲೇ ಶುರು ಮಾಡಿದರು, "ಮೈ ಹಸ್ಬೆಂಡ್ ಗೇವ್ ಫುಡ್. ದಟ್ ಸಾಯಿಲ್ ಹಂಗ್ರಿ. ಸ್ವೀಟ್ ಗೇವ್, ಘೀ ಗೇವ್. ಸೇಮ್ ಸೇಮ್ ಫೋರ್ ಪ್ಲೇಟ್." ಹೆಲೆನ್ ನನ್ನ ಕಡೆ ನೋಡಿದಳು. ನಾನು ಹಬ್ಬವನ್ನು ವಿವರಿಸಿದೆ, ರಿಂಗನ್ನು ತಾಟು ಎಂದುಕೊಂಡದ್ದನ್ನು ವಿವರಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಎಲ್ಲ ನಿಮ್ಮ ಮೇಲೆ ಹೋಗುತ್ತಿತ್ತು, ನೀವು ಇಲ್ಲ ಎನ್ನಲು ಬರುತ್ತಿರಲಿಲ್ಲ. ಕಾಕುವಿಗೂ ಹೇಳಿರದ ಒಂದು ಸಂಗತಿ ಉಳಿದಿತ್ತು. "ಅವತ್ತೇ ನಾನು ನೋಡಿದ್ದೆ. ನೋಡಿ, ಹುಲ್ಲು ಮುಚ್ಚಿ, ಸಿರಿಂಜು ಚುಚ್ಚಿದೆ" ಎಂದೆ. ಕಾಕು ತಿರುಗಿ ನೋಡಿ, "ಅಯ್ಯ ಖೋಡಿ!" ಎಂದರು. ನಲ್ಲಿ ಒಂದು ಸುರಿಯುತ್ತಲೇ ಇತ್ತು. ಹೆಲೆನ್ ಅದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ನನ್ನನ್ನಲ್ಲ, ಕಾಕುವನ್ನು ಕೇಳಿದಳು, "ಎಷ್ಟು ತುಪ್ಪ? ಗ್ರಾಂನಲ್ಲಿ ಹೇಳಿ."

ಮುಂದಿನ ಶನಿವಾರ ಮಾಲ್ಟನ್ನಿನ ನಮ್ಮ ಅಡುಗೆಮನೆ ನೀವು ನೋಡಬೇಕಿತ್ತು. ಹೆಲೆನ್ ಟೋನಿಯ ಹತ್ತಿರ ಮೂರು ವಾರದ ಸಮಯ ಬೇಡಿ ತಂದಿದ್ದಳು. ತುಂಡುಗಳ ಆಚೆ, ಅಂಚಿನ ಉಳದ ನೆಲದಲ್ಲಿ ಎಂಟು ಹೊಸ ರಿಂಗು; ನಾಲ್ಕಕ್ಕೆ ಊಟ, ನಾಲ್ಕಕ್ಕೆ ಉಪವಾಸ. ಊಟದವು ಮತ್ತೆ ಹಾಗೇ ಉಸಿರು ಬಿಟ್ಟರೆ ಆವತ್ತಿನ ಅಂಕಿಗೆ ಕಾರಣ ಹೋಳಿಗೆಯೇ ಹೊರತು ಮಣ್ಣಲ್ಲ ಎಂದು ಟೋನಿ ಒಪ್ಪಬೇಕು. ಹೆಲೆನ್ ತಕ್ಕಡಿ ಹಿಡಿದು ಒಲೆಯ ಪಕ್ಕ ನಿಂತಳು. "ಬೆಲ್ಲ ಎಷ್ಟು?" "ಕೈಯಾಗ ಬಂದಷ್ಟು" ಎಂದರು ಕಾಕು. "ಎಲ್ಲ ಹೋಳಿಗೆಯೂ ಒಂದೇ ತೂಕ ಇರಬೇಕು." "ಏನಂತಾಳ ಈಕಿ? ನನ್ನ ಹೋಳಿಗಿ ಯಾವಾಗ ಹೆಚ್ಚು ಕಡಿಮಿ ಆಗ್ಯಾವ?" ತೂಗಿದರೆ ನಿಜವಾಗಿಯೂ ಒಂದೇ ಸಮ. ಹೆಲೆನ್ ಎರಡೆರಡು ಸಲ ತೂಗಿ, ಕಾಕುವಿನ ಕೈಯನ್ನೇ ಹಿಡಿದು ತಿರುಗಿಸಿ ನೋಡಿದಳು. ಉಪವಾಸದ ನಾಲ್ಕು ರಿಂಗುಗಳ ವಿಷಯ ತಿಳಿದ ಮೇಲೆ ಮಾತ್ರ ಕಾಕು ಮುನಿಸಿಕೊಂಡರು. "ಮಗ್ಗಲದವರು ಉಣ್ಣೂದು ನೋಡಕೋತ ಕುಂಡ್ರಬೇಕು? ನಿಮ್ಮ ಸೈನ್ಸಿಗೆ ಕರುಳಿಲ್ಲ." ಅಳತೆ ಮುಗಿದ ದಿನ, ಯಾರೂ ಹೇಳದಿದ್ದರೂ, ಆ ನಾಲ್ಕಕ್ಕೂ ಒಂದೊಂದು ಹೋಳಿಗೆ ಬಡಿಸಿಯೇ ಕಾರು ಹತ್ತಿದರು.

ಅಷ್ಟೂ ದಿನ ಹೆಲೆನ್ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಸಿರಿಂಜು ಮುಟ್ಟಲು ಬಿಡಲಿಲ್ಲ, ಜರಡಿಯಷ್ಟೇ ನನ್ನದು. ಕೆಲಸದಿಂದ ತೆಗೆಯಲಿಲ್ಲ. ಬದಲಿಗೆ ಆ ದಿನದ ಅಂಕಿಗಳ ಪಕ್ಕದಲ್ಲಿ ಏನಾಯಿತೆಂದು ನನ್ನ ಕೈಯಿಂದಲೇ ಬರೆಸಿ, ಕೆಳಗೆ ಹೆಸರು ಹಾಕಿಸಿದಳು. ಎಂ.ಎ.ಗೆ ನಾನು ಬರೆದ ಪ್ರಬಂಧಕ್ಕಿಂತ ಆ ಆರು ಸಾಲು ಕಷ್ಟವಾಯಿತು. ವಿಶೇಷಣವೊಂದನ್ನೂ ಹಾಕಲಿಲ್ಲ.

ನಿನ್ನೆ ಲ್ಯಾಬಿನ ಅಂಕಿ ಬಂತು ಕಾಕಾ. ಊಟದ ನಾಲ್ಕು ರಿಂಗು ಎಗ್ಗಿಲ್ಲದೆ ಉಸಿರು ಬಿಟ್ಟಿವೆ. ಉಪವಾಸದವು ಸದ್ದಿಲ್ಲದೆ ಮಲಗಿವೆ. ಹೆಲೆನ್ ಹಾಳೆಯನ್ನು ಟೋನಿಯ ಕೈಗೆ ಕೊಟ್ಟಳು. ಅವನು ಓದಿ, ಟೋಪಿ ತೆಗೆದು ತಲೆ ಕೆರೆದುಕೊಂಡು, "ಮೂರು ವಾರ ಬಿತ್ತನೆ ತಡವಾಯಿತು, ಯಾರದೋ ಸಿಹಿತಿಂಡಿಗೆ" ಎಂದು ಗೊಣಗಿದ. ಆಮೇಲೆ ಹೊರಗೆ ಹೋಗಿ ಟ್ರ್ಯಾಕ್ಟರಿನಿಂದ ನೇಗಿಲು ಕಳಚಿದ. ಕಬ್ಬಿಣ ಮಣ್ಣಿಗೆ ಬಿದ್ದ ಸದ್ದಿಗೆ ಹೆಲೆನ್ ಕಣ್ಣು ಮುಚ್ಚಿಕೊಂಡದ್ದನ್ನು ನಾನೊಬ್ಬಳೇ ನೋಡಿದೆ. ಮಧ್ಯಾಹ್ನಕ್ಕೆ ಬಿತ್ತುವ ಯಂತ್ರ ಆ ನಾಲ್ಕು ತುಂಡುಗಳ ಹುಲ್ಲಿನ ಮೇಲೇ ಕುಲುಕುತ್ತ ಹೋಯಿತು.

ಒಂದು ಮಾತು ತಿಳಿದಿರಲಿ. ನಿಮ್ಮ ಪರವಾಗಿ ನಾನು ಯಾರ ಕ್ಷಮೆಯನ್ನೂ ಕೇಳಲಿಲ್ಲ. ಹಸಿದದ್ದಕ್ಕೆ ಉಣ್ಣಿಸಿದವರು ನೀವು, ಅದಕ್ಕೆ ಏನೆಂದು ಕೇಳಲಿ? ನನ್ನ ಪರವಾಗಿ ಕೇಳಿದೆ. ಇನ್ನು ಮೇಲೆ ನೋಡಿದ್ದನ್ನು ನೋಡಿದ ದಿನವೇ ಹೇಳುತ್ತೇನೆ, ಇದು ನಿಮಗೆ ಮಾತು. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಒಂದು ದಿನ ಹೆಚ್ಚು ಬೇಕಾದೀತು. ಎರಡನೆಯ ದಿನ ದಾಟಿಸುವುದಿಲ್ಲ.

ನಿಮ್ಮ ಮಗಳಂಥ,
ಸುಮಾ